ಹೆಸರಿಲ್ಲದ ಇಪ್ಪತ್ತೊಂಬತ್ತು ಬಿಲ್ಲುಗಳು

2004ರಲ್ಲಿ ನಾನು ಧಾರವಾಡದ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಂಗಡಿಗಳಿಗೆ ನಾವು ಹಾಕಿಕೊಟ್ಟ ಬಿಲ್ಲಿಂಗ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರಿಂಟರಿನ ರಿಬ್ಬನ್ ಬದಲಿಸುವುದರಿಂದ ಹಿಡಿದು ಸಾಫ್ಟ್‌ವೇರ್ ತಿದ್ದುವವರೆಗೆ ಎಲ್ಲಕ್ಕೂ ನಾನೊಬ್ಬನೇ.

ಬೈಲಹೊಂಗಲದ ಬಜಾರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶಿವಲಿಂಗಪ್ಪನವರು ಆ ವರ್ಷ ಬೇಸಿಗೆಯಲ್ಲಿ ಒಂದು ಬೇಡಿಕೆ ಇಟ್ಟರು. “ಹೆಸರು, ಊರು ಹೊಡಿಯೂದ್ರಾಗ ಮಂದಿ ಎದುರಿನ ಅಂಗಡಿಗೆ ಹೋಗಾಕತ್ತಾರ್ರಿ ಎಂಜಿನಿಯರ್ರ. ಏನರ ಮಾಡ್ರಿ.”

ಹದಿನೈದು ನಿಮಿಷದ ಕೆಲಸ. ಹೆಸರಿನ ಜಾಗದಲ್ಲಿ ಎಂಟರ್ ಒತ್ತಿದರೆ ತಾನಾಗಿಯೇ ‘ಕ್ಯಾಶ್’ ಎಂದು ಬಿದ್ದು, ಊರು ಕೇಳದೆ ಬಿಲ್ಲು ಮುಂದೆ ಹೋಗುವಂತೆ ಮಾಡಿಕೊಟ್ಟೆ. ಔಷಧಿ ಬಿಲ್ಲಿನಲ್ಲಿ ರೋಗಿಯ ಹೆಸರು ಇರಬೇಕೆಂಬುದು ನನಗೆ ಗೊತ್ತಿತ್ತು. ಬಿಲ್ಲು ಸರಸರ ಹರಿಯತೊಡಗಿತು. ಶಿವಲಿಂಗಪ್ಪನವರು ಚಹಾ ತರಿಸಿದರು. ಸುದ್ದಿ ಕೇಳಿ ಬೇರೆ ಊರುಗಳ ಇನ್ನೂ ಮೂರು ಔಷಧಿ ಅಂಗಡಿಯವರು ಅದನ್ನೇ ಮಾಡಿಸಿಕೊಂಡರು. ನನಗೂ ಹೆಮ್ಮೆಯಾಗಿತ್ತು.

ಮಳೆಗಾಲದಲ್ಲಿ ತಾಲೂಕಿನ ತುಂಬ ಕಣ್ಣುಬೇನೆ ಹಬ್ಬಿತು. ಒಂದು ಬುಧವಾರ ಮುಂಜಾನೆ ಶಿವಲಿಂಗಪ್ಪನವರ ಫೋನು ಬಂತು. ಕಣ್ಣಿಗೆ ಹಾಕುವ ಒಂದು ಹನಿ ಔಷಧಿಯಲ್ಲಿ ಸೋಂಕು ಸೇರಿದೆ, ಮಾರಬೇಡಿ, ಮಾರಿದ್ದನ್ನು ಹಿಂದಕ್ಕೆ ತರಿಸಿ ಎಂದು ಸಗಟು ವ್ಯಾಪಾರಿಯಿಂದ ಚೀಟಿ ಬಂದಿತ್ತು. ಒಂದೇ ಸಲಕ್ಕೆ ತಯಾರಾದ ಔಷಧಿಗೆ ಕಂಪನಿ ಒಂದು ಬ್ಯಾಚ್ ನಂಬರು ಕೊಡುತ್ತದೆ. ಕೆಟ್ಟದ್ದು ಆ ಒಂದು ಬ್ಯಾಚು ಮಾತ್ರ.

“ಯಾರ‍್ಯಾರಿಗೆ ಹೋಗ್ಯಾವ ಅಂತ ಕಂಪ್ಯೂಟರ್ ಹೇಳತೈತಲ್ರಿ?”

“ಹೇಳತೈತ್ರಿ, ಅದಕ್ಕ ಅಲ್ಲೇನ್ರಿ ಅದನ್ನ ಹಾಕಿದ್ದು?” ಎಂದೆ. ಬ್ಯಾಚ್ ರಿಪೋರ್ಟ್ ತೆಗೆಯುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಪ್ರಿಂಟರಿನ ಸದ್ದು ನನಗೂ ಕೇಳಿಸಿತು. ಅವರು ಓದತೊಡಗಿದರು: “ಕ್ಯಾಶ್. ಕ್ಯಾಶ್. ಕ್ಯಾಶ್.”

ನಾನು ಬೈಕು ಹತ್ತಿದೆ. ಬಂದಿದ್ದ ನಲವತ್ತೆಂಟು ಬಾಟಲಿಗಳಲ್ಲಿ ಹದಿನೇಳು ಕಪಾಟಿನಲ್ಲಿದ್ದವು. ಎರಡು ಬಾಟಲಿಗಳನ್ನು ತಮ್ಮ ಹೆಸರಿಗೇ ಬಿಲ್ಲು ಬೇಕೆಂದ ಸರ್ಕಾರಿ ನೌಕರರು ಒಯ್ದಿದ್ದರು. ಅವರಿಗೆ ಅಂದೇ ಹೇಳಿಯಾಯಿತು. ಉಳಿದ ಇಪ್ಪತ್ತೊಂಬತ್ತಕ್ಕೆ ಹೆಸರಿರಲಿಲ್ಲ.

ಪ್ರತಿ ಬಿಲ್ಲಿನಲ್ಲೂ ದಿನ, ವೇಳೆ ಇತ್ತು. ಜೊತೆಗೆ ಕೊಂಡ ಔಷಧಿಗಳ ಹೆಸರಿದ್ದವು. ಅವನ್ನೇ ಹಿಡಿದು ಕುಳಿತೆವು. “ಸೋಮವಾರ ಹತ್ತೂವರಿ, ಸಕ್ಕರಿ ಬ್ಯಾನಿ ಗುಳಿಗಿ ಸಂಗಾಟ. ಇವ್ರು ಮುನವಳ್ಳಿ ಮಾಸ್ತರ್ ಇರಬೇಕು,” ಎಂದು ಶಿವಲಿಂಗಪ್ಪನವರು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದರು. ಬಸ್ ಕಂಡಕ್ಟರುಗಳಿಗೆ ಹೇಳಿದೆವು. ದೊಡವಾಡ, ಮುನವಳ್ಳಿಗೆ ನಾವೇ ಹೋಗಿ ಚಹಾದಂಗಡಿಗಳಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿದೆವು. ಐದು ದಿನದಲ್ಲಿ ಹತ್ತೊಂಬತ್ತು ಬಾಟಲಿ ಸಿಕ್ಕವು. ಉಳಿದ ಹತ್ತು ಎಷ್ಟು ಕೇಳಿದರೂ ಸಿಗಲಿಲ್ಲ.

ಒಂಬತ್ತನೆಯ ದಿನ ನಾನು ಅಂಗಡಿಯಲ್ಲಿದ್ದಾಗಲೇ ದೊಡವಾಡದ ಮಡಿವಾಳಪ್ಪ ಎಂಬ ದರ್ಜಿ ಬಂದರು. ನಲವತ್ತರ ಆಸುಪಾಸಿನ ಮನುಷ್ಯ. ಹೆಂಡತಿ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಅವರು ಜಗಳಕ್ಕೆ ಬಂದಿರಲಿಲ್ಲ. ಖಾಲಿ ಬಾಟಲಿಯನ್ನು ಕೌಂಟರಿನ ಮೇಲಿಟ್ಟು, “ಇನ್ನೂ ಮಂಜ ಮಂಜ ಕಾಣತೈತ್ರಿ ಸಾವಕಾರ್ರ. ಇಂಥದ ಇನ್ನೊಂದು ಕೊಡ್ರಿ,” ಎಂದರು.

ಶಿವಲಿಂಗಪ್ಪನವರು ಬಾಟಲಿ ತಿರುಗಿಸಿ ನಂಬರು ನೋಡಿದರು. ಅದೇ ಬ್ಯಾಚು. ಬಾಟಲಿಯನ್ನು ನನ್ನ ಕಡೆ ಸರಿಸಿದರು.

ನಾವು ದೊಡವಾಡದಲ್ಲಿ ಕೇಳುತ್ತ ತಿರುಗಿದ ದಿನ ಅವರು ನೋವು ತಾಳದೆ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಮಲಗಿದ್ದರಂತೆ. ಹೊತ್ತಿಗೆ ಸರಿಯಾಗಿ ಹನಿ ಹಾಕಿದವರು ಹೆಂಡತಿ. “ಒಂದ ಹೊತ್ತೂ ತಪ್ಪಿಸಿಲ್ರಿ,” ಎಂದರು ಆಕೆ. ಬಾಡಿಗೆ ಜೀಪಿನಲ್ಲಿ ಧಾರವಾಡದ ಆಸ್ಪತ್ರೆಗೆ ಒಯ್ದೆವು. ಬಲಗಣ್ಣು ಹೋಗಿತ್ತು. ಎಡಗಣ್ಣಿನಲ್ಲಿ ಬೆಳಕು ಮಾತ್ರ ಉಳಿಯಿತು. ಹೊಲಿಗೆ ಯಂತ್ರವನ್ನು ಅವರು ದೀಪಾವಳಿಗೆ ಮುಂಚೆಯೇ ಮಾರಿದರು. ತಪ್ಪು ನನ್ನದೂ ಇದೆ ಎಂದು ಹೇಳಲು ಒಮ್ಮೆ ಅವರ ಮನೆಗೆ ಹೋದೆ. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. “ಕಂಪ್ಯೂಟರ್ ಏನ್ ಮಾಡತೈತ್ರಿ ಪಾಪ, ನಮ್ಮ ಹಣಿಬಾರ,” ಎಂದು ಸಮಾಧಾನವನ್ನೂ ಅವರೇ ಹೇಳಿದರು.

ನಾಲ್ಕೂ ಅಂಗಡಿಗಳಲ್ಲಿ ಹೆಸರು, ಊರು ತುಂಬದೆ ಬಿಲ್ಲು ಮುಂದೆ ಹೋಗದಂತೆ ಮಾಡಿದೆ. ತಿಂಗಳು ಕಳೆದು ರಾಮದುರ್ಗದ ಅಂಗಡಿಯ ಕಡತ ತೆರೆದರೆ ಎಲ್ಲ ರೋಗಿಗಳ ಹೆಸರೂ ‘ಎ’, ಊರೂ ‘ಎ’. ಸವದತ್ತಿಯಲ್ಲಿ ಚುಕ್ಕೆ. ಗದರಿದೆ, ಬೇಡಿಕೊಂಡೆ, ದರ್ಜಿಯ ಕಥೆ ಹೇಳಿದೆ. “ಖರೇ ಐತ್ರಿ. ಆದ್ರ ಪಾಳಿ ಬಾಗಲ ತನಕ ಹತ್ತೈತಿ ನೋಡ್ರಿ,” ಎಂದರು ಅಂಗಡಿಯವರು. ಕೇಳಿ ಬರೆದುಕೊಳ್ಳುತ್ತಿದ್ದವರು ಶಿವಲಿಂಗಪ್ಪನವರೊಬ್ಬರೇ. ಅವರ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಹೋದರು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿತು. ಕಂಪ್ಯೂಟರು ಬಿಚ್ಚಿ ತಂದವನೂ ನಾನೇ.

ಅಂಗಡಿಯವರು ಕೇಳಿದ್ದನ್ನು ಬೇಗ ಮಾಡಿಕೊಡುವುದೇ ಸೇವೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಕೌಂಟರಿನ ಆಚೆ ನಿಂತವರಿಗಾಗಿಯೂ ಕೆಲಸ ಮಾಡುತ್ತಿದ್ದೇನೆ, ಅವರು ನನಗೆ ಫೋನು ಮಾಡುವುದಿಲ್ಲ ಅಷ್ಟೇ ಎಂಬುದನ್ನು ಈ ಕೆಲಸ ಕಲಿಸಿತು. ಆದರೆ ಕಲಿತವರು ಶಿವಲಿಂಗಪ್ಪನವರು, ನಾನು ಇಬ್ಬರೇ, ಅದೂ ತಡವಾಗಿ. ಆಮೇಲೆ ಹನ್ನೊಂದು ವರ್ಷ ಅದೇ ಕೆಲಸದಲ್ಲಿದ್ದೆ. ಮತ್ತೊಂದು ಅಂಗಡಿಯ ಅಭ್ಯಾಸವನ್ನೂ ಬದಲಿಸಲು ನನ್ನಿಂದ ಆಗಲಿಲ್ಲ.