ಗುಂಟೆ ನುಂಗುವ ಕಂಪ್ಯೂಟರು

ಗೆಳೆಯರೇ, ಇವತ್ತು ಮಳವಳ್ಳಿಯಲ್ಲಿ ಕಂಪ್ಯೂಟರು ನನ್ನ ಗದ್ದೆಗೇ ಬಾಯಿ ಹಾಕಿತು. ಬಿತ್ತನೆ ಭತ್ತಕ್ಕೆ ಅರ್ಜಿ ಹಾಕಲು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಗದ್ದೆ ಒಂದು ಎಕರೆ ಇಪ್ಪತ್ತು ಗುಂಟೆ ಎಂದೆ. ಅಲ್ಲಿ ಕೆಲಸ ಮಾಡುವ ಸವಿತಾ, ನಾವೆಲ್ಲ ಬರೆಯುವ ಹಾಗೇ 1.20 ಎಂದು ಒತ್ತಿದಳು. ಒಂದೂಕಾಲು ಎಕರೆಗೂ ಸಾಲದಷ್ಟು ಬೀಜ ತೋರಿಸಿತು. ಅಷ್ಟೇ ತಂದರೆ ಒಂದು ತಾಕು ನಾಟಿಯಿಲ್ಲದೆ ಬೀಳು ಬೀಳುತ್ತದೆ. ನನ್ನ ಎಕರೆ ಮೇಲೆ ಅದಕ್ಕೆ ಅಕ್ಕರೆಯೇ ಇಲ್ಲ!

"ನಿನ್ ಮಿಸಿನ್ನು ಕಳ್ಳ ಕಣಮ್ಮ. ತಾಳು, ಸುಳ್ಳೇಳಿ ನೋಡಾನ. ಒಂದ್ ಎಕರೆ ಎಪ್ಪತ್ತೈದು ಗುಂಟೆ ಅಂತ ಆಕು."

"ನಲ್ವತ್ ಗುಂಟೆಗೇ ಒಂದ್ ಎಕರೆ ಆಯ್ತದಲ್ಲ ತಾತ? ತಕ್ಕಳಲ್ಲ ಬುಡಿ."

1.75 ಒತ್ತಿದಳು. ಹಸಿರು ಟಿಕ್ ಬಿತ್ತು!

ಸವಿತಾ ಹಣೆ ಚಚ್ಚಿಕೊಂಡಳು. "ಅಯ್ಯೋ ತಾತ, ಇದುಕ್ಕೆ ಗುಂಟೆನೇ ಗೊತ್ತಿಲ್ಲ. ಎಕರೆಗೆ ನೂರರ ಲೆಕ್ಕ ಆಕ್ತಾ ಅದೆ. ನಿಮ್ದು ಒಂದೂವರೆ ಎಕರೆ ತಾನೆ? 1.50 ಅಂತ ಆಕ್ತೀನಿ."

ಹಾಕಿದಳು. ಬೀಜ ಸರಿಯಾಗಿ ಬಂತು. ಗೆದ್ದೆ ಅಂತ ಮನೆಗೆ ಬಂದೆ.

ನಮ್ಮನೆಯವಳು ಕನ್ನಡಕ ಏರಿಸಿ ರಸೀದಿ ಓದಿದಳು. "ಒಂದ್ ಎಕರೆ ಐವತ್ ಗುಂಟೆನಾ? ಮಿಕ್ಕಿದ್ ಮೂವತ್ ಗುಂಟೆ ಯಾರ್ದು? ಯಾರ್ ಬದ ಒತ್ತುದ್ರಿ, ನಿಜ ಏಳಿ!"

ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಈಗ ಗದ್ದೆ ಅಳೆಯಲು ಹಗ್ಗ ಹುಡುಕುತ್ತಿದ್ದಾಳೆ.

ಆ ಫಾರಂ ಮಾಡಿದವರು ಹಸಿರು ಟಿಕ್ಕಿನ ಜಾಗದಲ್ಲಿ ಇವಳನ್ನು ಕೂರಿಸಬೇಕಿತ್ತು. ಅರ್ಧ ಗುಂಟೆ ಸುಳ್ಳೂ ಒಳಗೆ ನುಸುಳುತ್ತಿರಲಿಲ್ಲ, ನಿಜವೂ ಅಷ್ಟು ಸಲೀಸಾಗಿ ದಾಟುತ್ತಿರಲಿಲ್ಲ.