ಜಗದಾಂಬಾ ಅವರ ಕತ್ತು ತಿರುಗುವ ಕ್ಯಾಮೆರಾ

ಜಗದಾಂಬಾ ಅವರನ್ನು ಮೊದಲ ಸಲ ನೋಡಿದಾಗ, ಅವರು ನಮ್ಮ ಕಾಂಪೌಂಡು ಒಡೆಸಲು ಬಂದಿದ್ದಾರೆ ಎಂದುಕೊಂಡಿದ್ದೆ.

ತಪ್ಪು ನನ್ನದೊಬ್ಬನದೇ ಅಲ್ಲ. ರಾಜಾಜಿನಗರದಲ್ಲಿ ಯಾರೇ ಆಗಲಿ ರಸ್ತೆ ಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಊರಿದರೆ ಸಾಕು, "ರೋಡ್ ಅಗಲ ಮಾಡ್ತಾರಂತೆ" ಎಂಬ ಸುದ್ದಿ ಹಾಲಿನ ಬೂತಿನಿಂದ ಹೊರಟು ಅರ್ಧ ಗಂಟೆಯಲ್ಲಿ ಗಣೇಶನ ಗುಡಿ ಮುಟ್ಟುತ್ತದೆ. ಆ ದಿನ ಬೆಳಿಗ್ಗೆ ನಮ್ಮ ಗೇಟಿನ ಪಕ್ಕದಲ್ಲೇ ಒಂದು ಸ್ಟ್ಯಾಂಡು, ಅದರ ಮೇಲೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಕಪ್ಪು ಬಟ್ಟೆ, ಬಟ್ಟೆಯ ಕೆಳಗೆ ಸೊಂಟದಿಂದ ಕೆಳಗೆ ಮಾತ್ರ ಕಾಣುವ ಒಬ್ಬ ಹೆಂಗಸು. ನಾನು ಲೋಟದಲ್ಲಿ ಕಾಫಿ ಹಿಡಿದು ಓಡಿದೆ.

"ಮೇಡಂ, ನಮ್ಮ ಕಾಂಪೌಂಡು ಪ್ಲಾನ್ ಪ್ರಕಾರವೇ ಇದೆ. ನಮ್ಮ ತಂದೆ ಕಾಲದ್ದು. ಬೇಕಾದ್ರೆ ಎದುರು ಮನೆಯವರದು ನೋಡಿ, ಎರಡಡಿ ಮುಂದೆ ಬಂದಿದೆ."

"ಇರ್ಲಿ. ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದಿತು ಕಪ್ಪು ಬಟ್ಟೆ. "ನಿಮ್ಮ ಹೊಟ್ಟೆ ಅಡ್ಡ ಬರ್ತಿದೆ."

ಅವರು ಎದುರು ಮನೆಯ ಹಳೆಯ ಕಿಟಕಿಗಳ ಫೋಟೋ ತೆಗೆಯುತ್ತಿದ್ದರು. ಆ ಪೆಟ್ಟಿಗೆ ಒಂದು ಕ್ಯಾಮೆರಾ. ಬಸವೇಶ್ವರನಗರದ ಛಾಯಾಗ್ರಾಹಕರ ಬಳಗಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿರುವ ನಾನು, ಏಳು ಲೆನ್ಸುಗಳ ಒಡೆಯ, ಒಂದು ಕ್ಯಾಮೆರಾವನ್ನು ಕ್ಯಾಮೆರಾ ಎಂದು ಗುರುತಿಸಲಾರದೆ ಅದರ ಎದುರು ಕಾಫಿ ಹಿಡಿದು ಹಲ್ಲುಗಿಂಜಿದ್ದೆ. ಅವರು ಹೊರಗೆ ಬಂದು ಕಾಫಿ ಕುಡಿದರು. "ಸಕ್ಕರೆ ಜಾಸ್ತಿ," ಎಂದರು. ನನ್ನ ಹೊಟ್ಟೆಯುರಿ ಅಲ್ಲಿಂದ ಶುರು.

ಜಗದಾಂಬಾ ಬಿನ್ನಿಪೇಟೆಯವರು. ಅಪ್ಪ ಮಿಲ್ಲಿನಲ್ಲಿ ನೇಯುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕದ ಒಂದು ಸ್ಟುಡಿಯೋದಲ್ಲಿ, ಮದುವೆಗೆ ಬಂದ ಹುಡುಗಿಯರ ಫೋಟೋಗಳಿಂದ ಮೊಡವೆ ಅಳಿಸುವ ಕೆಲಸಕ್ಕೆ ಸೇರಿದರು. ಆ ಸ್ಟುಡಿಯೋಕ್ಕೆ ಹುಡುಗಿಯರಿಗಿಂತ ಹೆಚ್ಚು ಬರುತ್ತಿದ್ದದ್ದು ಕ್ಯಾಟಲಾಗಿಗೆ ಬೇಕಾದ ಯಂತ್ರಗಳ ಫೋಟೋ ಕೆಲಸ. ಲೇತು, ಡ್ರಿಲ್ಲು, ಪ್ರೆಸ್ಸು. ಹತ್ತಡಿ ಉದ್ದದ ಯಂತ್ರವನ್ನು ಓರೆಯಿಂದ ತೆಗೆದರೆ ಈ ತುದಿಯ ಚಕ್ರವೂ ಆ ತುದಿಯ ಬೋಲ್ಟೂ ಒಂದೇ ಸಮ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಕಾರ್ಖಾನೆಯವರು ಒಪ್ಪುತ್ತಿರಲಿಲ್ಲ. ಮೊಡವೆ ಬಿಟ್ಟು ಜಗದಾಂಬಾ ಬೋಲ್ಟು ಹಿಡಿದರು. ಸ್ಟುಡಿಯೋ ಮುಚ್ಚಿದ ದಿನ ಯಜಮಾನರು ಆ ಪೆಟ್ಟಿಗೆಯನ್ನು ಅವರ ಕೈಗಿಟ್ಟು, "ನಿನ್ನ ಬಿಟ್ಟು ಇದರ ಭಾಷೆ ಯಾರಿಗೂ ಬರಲ್ಲ" ಎಂದರಂತೆ. ನನಗೆ ಇದುವರೆಗೆ ಯಾರೂ ಹಾಗೆ ಹೇಳಿಲ್ಲ. ಕ್ಯಾಮೆರಾ ಅಂಗಡಿಯವನು ಹೇಳಿದ್ದು, "ವಾರಂಟಿ ಕಾರ್ಡ್ ಇಟ್ಕೊಂಡಿರಿ ಸಾರ್."

ಹೊಟ್ಟೆಯುರಿ ಹಣ್ಣಾದದ್ದು ಮಾರೇನಹಳ್ಳಿಯಲ್ಲಿ.

ಅಲ್ಲಿನ ಕೆಂಚಪ್ಪನವರದು ಹಳೆಯ ಒಕ್ಕಲು ಮನೆತನ. ಹೊಲ ಹೋಗಿ ಸೈಟುಗಳಾದವು, ಸೈಟು ಹೋಗಿ ಐದು ಪಾಲಾಯಿತು. ಪಾಲಾದ ಮೇಲೆ ಹಿರಿಯರಾದ ಕೆಂಚಪ್ಪನವರೂ ಸೇರಿ ಐವರು ಅಣ್ಣತಮ್ಮಂದಿರು ಒಟ್ಟಿಗೆ ನಿಂತಿದ್ದಿಲ್ಲ. ಅವರ ಅಕ್ಕ ವಿಮಲಮ್ಮ, ಎಂಬತ್ನಾಲ್ಕು ದಾಟಿದವರು, ಒಂದೇ ಹಟ ಹಿಡಿದರು: "ಅಪ್ಪ ಕಟ್ಟಿದ ಗೋಡೆ ಒಂದೇ ಪಾಲಾಗದೆ ಉಳಿದಿರೋದು. ಅದರ ಮುಂದೆ ಐದೂ ಜನ ನಿಂತ್ಕೊಳ್ಳಿ. ನಾನು ಕಣ್ಮುಚ್ಚೋಕೆ ಮುಂಚೆ ಆ ಪಟ ನಮ್ಮ ಛತ್ರದಲ್ಲಿ ನೋಡಬೇಕು."

ಆ ಛತ್ರದ ಗೋಡೆಯ ಮೇಲಿನ ಪ್ರತಿ ಪಟದ ಮೂಲೆಯಲ್ಲೂ ಹದಿನೈದು ವರ್ಷದಿಂದ ನನ್ನ ಹೆಸರಿದೆ. ಈ ಪಟ ಬಾಗಿಲಿನ ಎದುರಿಗೇ ಬರುವಂಥದ್ದು. ಅದರ ಮೂಲೆ ಬೇರೆಯವರ ಪಾಲಾಗುವುದೆಂದರೇನು?

ಕ್ಯಾಮೆರಾ ಹೊತ್ತು ನಾನೇ ಹೋದೆ. ತೊಡಕು ಇದ್ದದ್ದು ಅವರು ನಿಲ್ಲುವುದರಲ್ಲಿ. ಪಾಲಾದ ಮನೆಯಲ್ಲಿ ಯಾರೂ ಯಾರ ಹಿಂದೆಯೂ ನಿಲ್ಲುವುದಿಲ್ಲ. ಕುರ್ಚಿ ಹಾಕಿದರೆ ಕೂತವನು ದೊಡ್ಡವನಾಗುತ್ತಾನೆ. ಹೀಗಾಗಿ ಐವರೂ, ಐವರ ಹೆಂಡತಿಯರೂ, ನಡುವೆ ವಿಮಲಮ್ಮನೂ ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಹಾಕಿ ನಿಂತರು. ಎದುರಿನಿಂದ ತೆಗೆಯೋಣವೆಂದರೆ ಓಣಿ ಹತ್ತಡಿ, ಆಚೆಗೆ ನಾಲ್ಕು ಮಹಡಿಯ ಪಿಜಿ ಕಟ್ಟಡ. ಸಾಲಿನ ತಲೆಯಲ್ಲಿ ನಿಂತು ಓರೆಯಾಗಿ ತೆಗೆದೆ. ಹಿಂದಿನದನ್ನೆಲ್ಲ ಬೆಣ್ಣೆಯಂತೆ ಕರಗಿಸುವುದೇ ನನ್ನ ಲೆನ್ಸಿನ ಹೆಚ್ಚುಗಾರಿಕೆ. ಅದು ಕೊನೆಯ ತಮ್ಮ ಕಾಂತರಾಜುವನ್ನು ಹೆಂಡತಿಸಮೇತ ಕರಗಿಸಿಬಿಟ್ಟಿತು. ಸರಿಪಡಿಸಿ ಮತ್ತೆ ತೆಗೆದೆ. ಈ ಸಲ ಕಾಂತರಾಜು ಸ್ಪಷ್ಟವಾಗಿದ್ದ, ಆದರೆ ಹೆಬ್ಬೆರಳಿನಷ್ಟು.

"ಅಣ್ಣ ಆನೆ, ನಾನು ಇರುವೆ. ಪಾಲಲ್ಲೂ ಹಿಂಗೇ ಮಾಡಿದ್ರು," ಎಂದು ಕಾಂತರಾಜು ಚಪ್ಪಲಿ ಮೆಟ್ಟಿಕೊಂಡ.

ಆಗ ಕೆಂಚಪ್ಪನವರಿಗೆ ಏನೋ ನೆನಪಾಯಿತು. ಅವರು ಒಂದು ಕಾಲಕ್ಕೆ ಎಸ್ಟೇಟಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದವರು. "ನಮ್ಮ ಲೇತಿನ ಫೋಟೋ ತೆಗೆದಿದ್ರಲ್ಲ ಆ ಯಮ್ಮ, ಅವರನ್ನ ಕರೀರಿ. ಆ ತುದಿ ಬೋಲ್ಟೂ ಈ ತುದಿ ಬೋಲ್ಟಿನಷ್ಟೇ ಕಾಣ್ತಿತ್ತು. ಅವರ ಮನೆ ನಿಮಗೆ ಗೊತ್ತಾ ಸಾರ್?"

ಗೊತ್ತಿತ್ತು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ವಿಮಲಮ್ಮ ನನ್ನನ್ನೇ ನೋಡುತ್ತಿದ್ದರು. ನಾನೇ ಹೋಗಿ ಕರೆದು ಬಂದೆ.

ಮುಂದಿನ ಭಾನುವಾರ ಜಗದಾಂಬಾ ಆಟೋದಲ್ಲಿ ಬಂದರು. ಎರಡು ಹಳೆಯ ಛತ್ರಿಗಳ ಬಟ್ಟೆ ಬಿಚ್ಚಿ ಸೇರಿಸಿ ಹೊಲಿದ ಕಪ್ಪು ಮುಸುಕು, ಪೆಟ್ಟಿಗೆ, ಸ್ಟ್ಯಾಂಡು. ಪೆಟ್ಟಿಗೆ ಬಿಚ್ಚಿದರೆ ಎರಡು ಚೌಕಟ್ಟು, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ. ಮುಂದಿನ ಚೌಕಟ್ಟಿನಲ್ಲಿ ಲೆನ್ಸು, ಹಿಂದಿನದರಲ್ಲಿ ಚಿತ್ರ ಮೂಡುವ ಮಂಜುಗಾಜು. ಎರಡನ್ನೂ ಬೇರೆಬೇರೆಯಾಗಿ ಮೇಲೆ ಕೆಳಗೆ ಬಾಗಿಸಬಹುದು, ಅದು ಟಿಲ್ಟು. ಎಡಕ್ಕೆ ಬಲಕ್ಕೆ ತಿರುಗಿಸಬಹುದು, ಅದು ಸ್ವಿಂಗು. ನನ್ನ ಕ್ಯಾಮೆರಾದ ಕತ್ತು ಪೊಲೀಸ್ ಪೆರೇಡಿನಲ್ಲಿ ನಿಂತಂತೆ ನೆಟ್ಟಗಿರುತ್ತದೆ.

ಸಲಹೆ ಕೊಡದೆ ಸುಮ್ಮನಿರುವುದು ಕಾರ್ಯದರ್ಶಿಗೆ ಒಗ್ಗದು. "ಲೆನ್ಸಿನ ಕಿಂಡಿ ಚಿಕ್ಕದು ಮಾಡ್ಬಿಟ್ರೆ ಎಲ್ಲಾ ಸ್ಪಷ್ಟವಾಗುತ್ತಲ್ಲಮ್ಮ, ಇದೆಲ್ಲ ಯಾಕೆ?" ಎಂದೆ.

"ಕಿಂಡಿ ಚಿಕ್ಕದಾದ್ರೆ ಬೆಳಕು ಬರೋಕೆ ಒಂದು ಸೆಕೆಂಡು ಬೇಕು. ಅಜ್ಜಿ ತಲೆ ನೋಡಿದ್ರಾ?"

ವಿಮಲಮ್ಮನ ತಲೆ ಸಣ್ಣಗೆ ಅದುರುತ್ತಲೇ ಇತ್ತು. ಹದಿನೈದು ವರ್ಷದಿಂದ ಅವರ ಫೋಟೋ ತೆಗೆಯುತ್ತಿದ್ದೇನೆ. ನಾನು ಅದನ್ನು ಕಂಡಿರಲಿಲ್ಲ.

"ಬನ್ನಿ, ನೋಡಿ," ಎಂದು ಮುಸುಕಿನೊಳಗೆ ಕರೆದರು. ಗಾಜಿನ ಮೇಲೆ ಹನ್ನೊಂದು ಜನ ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತಿದ್ದರು. ಹತ್ತಿರದ ಕೆಂಚಪ್ಪ ಸ್ಪಷ್ಟ, ಉಳಿದವರು ಮಂಜು. "ಸ್ಪಷ್ಟ ಅನ್ನೋದು ಒಂದು ಬಾಗಿಲು ಇದ್ದಂಗೆ ಸಾರ್. ಅದಕ್ಕೆ ತಾಗಿ ನಿಂತೋರು ಮಾತ್ರ ಸ್ಪಷ್ಟ, ಉಳಿದೋರು ಮಂಜು. ನಿಮ್ಮದರಲ್ಲಿ ಅದು ಯಾವಾಗ್ಲೂ ಕ್ಯಾಮೆರಾಗೆ ಎದುರಾಗಿ ಮುಚ್ಚಿರುತ್ತೆ. ಇದರಲ್ಲಿ ತೆಗೆದು ಗೋಡೆ ಪಕ್ಕಕ್ಕೆ ಒರಗಿಸಬಹುದು," ಎನ್ನುತ್ತ ಅವರು ಮುಂದಿನ ಚೌಕಟ್ಟನ್ನು ಒಂದು ಬೆರಳಿನಷ್ಟು ತಿರುಗಿಸಿದರು. ಸ್ಪಷ್ಟತೆ ಕೆಂಚಪ್ಪನವರನ್ನು ಬಿಟ್ಟು ಹೊರಟು, ಒಬ್ಬೊಬ್ಬರನ್ನೇ ಮುಟ್ಟುತ್ತ, ವಿಮಲಮ್ಮನ ಮೂಗುತಿ ಹೊಳೆಯಿಸಿ, ಕಾಂತರಾಜುವಿನ ಮೀಸೆಯವರೆಗೆ ನಡೆದುಹೋಯಿತು. ಆಮೇಲೆ ಹಿಂದಿನ ಚೌಕಟ್ಟನ್ನು ಗೋಡೆಯ ಕಡೆಗೆ ಓರೆ ಮಾಡಿದರು. ದೂರದ ಕಾಂತರಾಜು ಮೆಲ್ಲಗೆ ಬೆಳೆದ. ಮತ್ತೆ ಮುಂದಿನದು, ಮತ್ತೆ ಹಿಂದಿನದು, ನಲವತ್ತು ನಿಮಿಷ.

ಇನ್ನು ಉಳಿದದ್ದು ಒಂದೇ ದಾರಿ. ಮೂಲೆಯಲ್ಲಿ ಹೆಸರಿಲ್ಲದಿದ್ದರೇನು, ಪಟದಲ್ಲೇ ನಾನಿದ್ದರೆ? ಏಳು ಲೆನ್ಸುಗಳಲ್ಲಿ ಅತಿ ದೊಡ್ಡದನ್ನು ಕ್ಯಾಮೆರಾಕ್ಕೆ ಹಾಕಿ, ಕೊರಳಿಗೆ ತೂಗಿಸಿ, ಸಾಲಿಗಿಂತ ನಾಲ್ಕು ಹೆಜ್ಜೆ ಮುಂದೆ, ಪಿಜಿ ಗೋಡೆಯ ಕಡೆ ನಿಂತು ಕೈಯೆತ್ತಿ, "ಎಲ್ಲರೂ ಕ್ಯಾಮೆರಾ ಕಡೆ ನೋಡಿ! ಕಾಂತರಾಜು, ನಗಪ್ಪ!" ಎಂದು ಕೂಗಿದೆ. ಕೆಲಸ ಮಾಡಿಸಿದವನು ಯಾರೆಂದು ಮುಂದಿನ ತಲೆಮಾರಿಗೆ ತಿಳಿಯಬೇಕಲ್ಲ.

"ಸಾರ್, ನೀವೂ ಬರ್ತಿದ್ದೀರ ಇದರಲ್ಲಿ," ಎಂದರು ಜಗದಾಂಬಾ.

"ಪರವಾಗಿಲ್ಲ ಬಿಡಿ," ಎಂದೆ ಉದಾರವಾಗಿ.

"ನಿಮ್ಮಿಷ್ಟ."

ಒಂದೇ ಸಲ ಟಿಕ್ ಎಂದಿತು. ಎರಡು ಹಾಳೆ ಫಿಲ್ಮು ತಂದಿದ್ದವರು ಒಂದನ್ನು ಹಾಗೇ ವಾಪಸು ಒಯ್ದರು. ನಾನು ಆ ಓಣಿಯಲ್ಲಿ ಇನ್ನೂರ ಹದಿನಾಲ್ಕು ತೆಗೆದಿದ್ದೆ.

ಪಟ ಛತ್ರಕ್ಕೆ ಬಂದ ದಿನ ಕಾಂತರಾಜು ಬೆಂಕಿಕಡ್ಡಿ ಇಟ್ಟು ಅಣ್ಣನ ಮುಖವನ್ನೂ ತನ್ನ ಮುಖವನ್ನೂ ಅಳೆದ. ಎರಡು ಸಲ ಅಳೆದ. "ಸ್ವಲ್ಪ ಚಿಕ್ಕದಾಗಿದೀನಿ. ಅಣ್ಣನಲ್ವಾ, ಅಷ್ಟಿರ್ಲಿ," ಎಂದು ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ. ವಿಮಲಮ್ಮ ಗಾಜಿನ ಮೇಲೆ ಐದು ಮುಖಗಳನ್ನೂ ಬೆರಳಿನಿಂದ ಮುಟ್ಟಿ ಎಣಿಸಿದರು. ಆ ಬೆರಳು ಅದುರಿತೇ ಹೊರತು ಪಟದಲ್ಲಿನ ಅವರ ತಲೆ ಅದುರಿರಲಿಲ್ಲ.

ನನ್ನ ಹೆಂಡತಿ ಶೋಭಾರಾಣಿ ಪಟದ ಅಂಚಿನ ಬಳಿ ಬಗ್ಗಿದಳು. "ರೀ, ಇದ್ಯಾವುದ್ರೀ ಇಲ್ಲಿ, ಒಗೆದು ಹರವಿದ ಬೆಡ್‌ಶೀಟ್ ಇದ್ದಂಗಿದೆ?"

ಅದು ನಾನು. ಎತ್ತಿದ ಕೈ ಹೊಗೆಯಂತಿತ್ತು. ಕೊರಳಿನ ದೊಡ್ಡ ಲೆನ್ಸು ಬದನೆಕಾಯಿಯೋ ಸೋರೆಕಾಯಿಯೋ ಹೇಳಲಾಗುತ್ತಿರಲಿಲ್ಲ. ಆಚೆ ತುದಿಯ ಕಾಂತರಾಜುವಿನ ಮೀಸೆಯಲ್ಲಿ ಬಿಳಿಕೂದಲು ಎಣಿಸಬಹುದಿತ್ತು.

ಜಗದಾಂಬಾ ಊಟದ ಪಂಕ್ತಿಯಲ್ಲಿದ್ದರು. ನೇರ ಹೋಗಿ ಅವರ ಎಲೆಯ ಮುಂದೆ ನಿಂತೆ.

"ಏನಮ್ಮಾ, ಅಷ್ಟು ದೂರದವನು ಮೀಸೆಸಮೇತ ಬಂದಿದ್ದಾನೆ, ಹತ್ತಿರದಲ್ಲೇ ಇದ್ದ ನಾನು ಹಿಂಗಾಗಿದೀನಿ. ನಿಜ ಹೇಳಿ, ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚಾ?"

ಅವರು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು.

"ನೀವು ಲೈನಲ್ಲಿ ನಿಂತಿರ್ಲಿಲ್ಲ."