ಕರಿ ನಾಲ್ಕರ ಶ್ರುತಿ

ಮಕ್ಕಳನ್ನು ಸಂಗೀತ ಶಾಲೆಗೆ ಹಾಕುವ ಮುಂಚೆ, ನಾನೂ ಒಂದು ಕಾಲಕ್ಕೆ ಕಲಿತವಳೆಂದು, ನಮ್ಮ ಓಣಿಯವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಹಾರ್ಮೋನಿಯಂ ಹೊಸದು ಕೊಳ್ಳಬೇಕೋ ಹಳೆಯದಾದರೂ ನಡೆಯುತ್ತದೋ, ಬೆಳಿಗ್ಗೆ ಕಳಿಸಬೇಕೋ ಸಂಜೆಯೋ, ಹಾಡುವ ದಿನ ಮೊಸರು ತಿನ್ನಬಹುದೋ ಇಲ್ಲವೋ. ಮೊಸರಿನ ಚಿಂತೆಯೇ ಎಲ್ಲರಿಗೂ! ಕೂಸಿನ ದನಿ ಎಂಥದು, ಅದು ಯಾವ ಶ್ರುತಿಯಲ್ಲಿ ಸಲೀಸಾಗಿ ನಿಲ್ಲುತ್ತದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಮ್ಮವ್ವನೂ ಕೇಳಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಹರಿಹರದಲ್ಲಿದ್ದೆವು. ಅಪ್ಪನ ಮಂಡಿ ದಾವಣಗೆರೆಯಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಮನೆಯಲ್ಲಿ ಅವ್ವ, ನಾನು ಮತ್ತು ಅಪ್ಪನ ತಾಯಿ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದು, ನಾನು ಹುಟ್ಟುವ ಹೊತ್ತಿಗೇ ಏನೂ ಕಾಣುತ್ತಿರಲಿಲ್ಲ. ನನ್ನ ಮುಖವನ್ನು ಆಕೆ ಒಂದು ಸಲವೂ ನೋಡಿದವಳಲ್ಲ. ಆಕೆಗೆ ನಾನೆಂದರೆ ನನ್ನ ದನಿ, ಅಷ್ಟೇ.

ಆ ದನಿಯೋ, ದಪ್ಪ. ಬಾಗಿಲು ಬಡಿದವರಿಗೆ ಒಳಗಿನಿಂದ ನಾನು ‘ಬಂದೆ’ ಎಂದರೆ, ಯಾರೋ ಗಂಡಸರಿದ್ದಾರೆಂದು ಹೊರಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಜ್ಜಿಗೆ ಮಾತ್ರ ಅದೇ ಚೆಂದ. ಸಂಜೆ ದೀಪ ಹಚ್ಚಿದ ಮೇಲೆ ಆಕೆಯ ಪಕ್ಕದಲ್ಲಿ ಕೂತು ವಚನ ಹಾಡುವುದು ನನ್ನ ಪಾಲಿನ ಕೆಲಸ. ನಾನು ಹಾಡುವಷ್ಟು ಹೊತ್ತೂ ಅಜ್ಜಿ ನನ್ನ ಬೆನ್ನಿಗೆ ಅಂಗೈ ಊರಿಕೊಂಡಿರುತ್ತಿದ್ದಳು. ಕೆಳಗಿನ ಸ್ವರಕ್ಕೆ ಬಂದಾಗ ಬೆನ್ನೊಳಗೆ ಗುಂಯ್ ಎನ್ನುತ್ತಿತ್ತು. ಅದು ಅಂಗೈಗೆ ತಾಗಿದರೆ ಆಕೆ ತಾನಾಗಿ ನಗುತ್ತಿದ್ದಳು. ಆ ನಗುವಿಗಾಗಿ ನಾನು ಬೇಕೆಂತಲೇ ಇನ್ನಷ್ಟು ಕೆಳಗಿಳಿಯುತ್ತಿದ್ದೆ.

ಅವ್ವನಿಗೆ ಮಾತ್ರ ಅದೇ ಚಿಂತೆ. ಮಗಳು ಮೈನೆರೆದಿದ್ದಾಳೆ, ಬಾಯಿ ಬಿಟ್ಟರೆ ಗಂಡುದನಿ, ನೋಡಲು ಬಂದವರು ಎದ್ದು ಹೋದರೆ ಏನು ಗತಿ? ಸಂಗೀತ ಕಲಿತರೆ ದನಿ ತೆಳ್ಳಗಾಗುತ್ತದೆ ಎಂದು ಯಾರೋ ಆಕೆಯ ತಲೆಗೆ ತುಂಬಿದ್ದರು. ಮುಂದೆ ನನ್ನನ್ನು ನೋಡಲು ಬಂದವರು ನನ್ನ ಬಾಯಿಂದ ಒಂದು ಮಾತನ್ನೂ ಆಡಿಸಲಿಲ್ಲ ಬಿಡಿ. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಅವ್ವನನ್ನೇ ಕೇಳಿ, ಉಪ್ಪಿಟ್ಟು ತಿಂದು, ಒಪ್ಪಿಕೊಂಡು ಹೋದರು. ಅದು ಅವ್ವನಿಗೆ ಆಗ ಹೇಗೆ ಗೊತ್ತಾಗಬೇಕು?

ಹೀಗಾಗಿ ಭಾನುವಾರ, ಗುರುವಾರ ಅಪ್ಪನ ಜೊತೆ ನಾನೂ ರೈಲು ಹತ್ತತೊಡಗಿದೆ. ಶಾಲೆ ದಾವಣಗೆರೆಯ ಪೇಟೆಯಲ್ಲಿ, ಒಂದು ಅರಳೆ ಅಂಗಡಿಯ ಅಟ್ಟದ ಮೇಲೆ. ಜಮಖಾನೆಯ ಮೇಲೆ ನಾವು ಹುಡುಗಿಯರು ಸಾಲಾಗಿ ಕೂರಬೇಕು, ಎದುರಿಗೆ ಗವಾಯಿಗಳು, ಅವರ ಮುಂದೆ ಶಾಲೆಗೆಲ್ಲ ಒಂದೇ ಹಾರ್ಮೋನಿಯಂ. ಹಾರ್ಮೋನಿಯಂನ ಕರಿ ಮನೆಗಳನ್ನು, ಎಂದರೆ ಬೆರಳಿನಿಂದ ಒತ್ತುವ ಕಪ್ಪು ಪಟ್ಟಿಗಳನ್ನು, ಎಡದಿಂದ ಎಣಿಸುತ್ತಾರೆ; ಎಣಿಕೆ ಏರಿದಷ್ಟೂ ಶ್ರುತಿ ಏರುತ್ತದೆ. ಗಂಡಸರಿಗೆ ಕರಿ ಒಂದು, ಹೆಂಗಸರಿಗೆ ಕರಿ ನಾಲ್ಕು. ಆ ಶಾಲೆಯ ಕಟ್ಟಳೆ ಅದು. ಗವಾಯಿಗಳು ಕರಿ ನಾಲ್ಕು ಒತ್ತಿ ಹಿಡಿದರೆ ಸಾಲಿನವರೆಲ್ಲ ಅಲ್ಲಿಂದಲೇ ‘ಸಾ’ ಹಚ್ಚಬೇಕು. ಉಳಿದವರು ಮೆಟ್ಟಿಲು ಹತ್ತಿದ ಹಾಗೆ ಆರಾಮಾಗಿ ಮೇಲೆ ಹೋಗುತ್ತಿದ್ದರು. ನನಗೆ ಮೊದಲ ಸ್ವರದಲ್ಲೇ ಕತ್ತಿನ ನರ ಉಬ್ಬುತ್ತಿತ್ತು.

ಒಂದು ದಿನ ಧೈರ್ಯ ಮಾಡಿ, ಸ್ವಲ್ಪ ಕೆಳಗೆ ಹಾಡಲೇ ಎಂದು ಕೇಳಿದೆ. ಸಾಲಿನ ಹುಡುಗಿಯರು ಮುಸಿಮುಸಿ ನಕ್ಕರು. ಗವಾಯಿಗಳು ನಗಲಿಲ್ಲ, ಗದರಲೂ ಇಲ್ಲ.

“ಹೆಣ್ಮಕ್ಳ ದನಿ ಇಲ್ಲೇ ಇರ್ಬೇಕು ತಂಗಿ,” ಎಂದರು. “ನಮ್ಮ ಗುರುಗಳು ನಮಗೆ ಹಂಗೇ ಹೇಳ್ಯಾರೆ. ಕೆಳಗೆ ಬರಬ್ಯಾಡ, ರೂಢಿ ಆಗ್ತೈತೆ.”

ಒಳ್ಳೆಯ ಮನುಷ್ಯರು. ಅವರು ಕೆಟ್ಟವರಾಗಿದ್ದರೆ ನಾನು ಅವತ್ತೇ ಬಿಟ್ಟುಬರುತ್ತಿದ್ದೆನೋ ಏನೋ. ಎದುರು ಮಾತಾಡಲು ಅವ್ವ ಬೇರೆ ಬಿಟ್ಟಿರಲಿಲ್ಲ. ಗುರುಗಳಿಗೆ ತಿರುಗಿ ಕೇಳಿದರೆ ವಿದ್ಯೆ ಹತ್ತುವುದಿಲ್ಲ ಎಂದು ಹೇಳಿಯೇ ಕಳಿಸುತ್ತಿದ್ದಳು.

ಗಂಟಲು ಮೊದಲು ಕೆರೆಯಿತು, ಆಮೇಲೆ ಉರಿಯಿತು. ಸಂಜೆ ಅಜ್ಜಿಗೆ ಹಾಡಲು ಕೂತರೆ ಕೆಳಗಿನ ಸ್ವರ ಒಡೆದು ಒಡೆದು ಬರುತ್ತಿತ್ತು. ಅಜ್ಜಿ ಅಂಗೈಯನ್ನು ಬೆನ್ನಿನ ಮೇಲೆ ಆಚೀಚೆ ಸರಿಸಿ, ಇವತ್ತು ಯಾಕೋ ಸರಿ ಇಲ್ಲ, ಕೂಸಿಗೆ ನೆಗಡಿಯೇನು ಎಂದು ಅವ್ವನನ್ನು ಕೇಳಿದಳು. ಅವ್ವ ಜ್ಯೇಷ್ಠಮಧು ಕೊಟ್ಟಳು, ಕಲ್ಲುಸಕ್ಕರೆ ಕೊಟ್ಟಳು, ತುಪ್ಪದಲ್ಲಿ ಮೆಣಸು ಹುರಿದು ಕೊಟ್ಟಳು. ಸಂಗೀತ ಬಿಡಿಸುವ ಮಾತನ್ನು ಮಾತ್ರ ಆಡಲಿಲ್ಲ. ಆಕೆಯ ಲೆಕ್ಕವೇ ಬೇರೆ ಇತ್ತು.

“ದನಿ ತೆಳ್ಳಗಾಗಕ್ಕೆ ಹತ್ತೈತೆ, ಅದಕ್ಕೇ ನೋಯ್ತೈತೆ,” ಎಂದಳು. “ಸ್ವಲ್ಪ ತಡ್ಕಾ.”

ತಡೆದುಕೊಂಡೆ. ನನಗೆ ಇವತ್ತಿಗೂ ಸಿಟ್ಟಿದೆ. ಅವ್ವನ ಮೇಲೋ, ಗವಾಯಿಗಳ ಮೇಲೋ, ಆ ಕರಿ ಮನೆಯ ಮೇಲೋ, ಇಷ್ಟು ವಯಸ್ಸಾದರೂ ಬಗೆಹರಿದಿಲ್ಲ. ನೋವು ಇದ್ದಲ್ಲಿ ಏನೋ ಕೆಡುತ್ತಿದೆ ಎಂದು ದನ ಕಾಯುವವರಿಗೂ ಗೊತ್ತು. ನಮ್ಮ ಮನೆಯಲ್ಲಿ ಅದಕ್ಕೆ ವಿದ್ಯೆ ಎಂದು ಹೆಸರಿಟ್ಟಿದ್ದೆವು.

ಶಾಲೆಯ ವಾರ್ಷಿಕೋತ್ಸವಕ್ಕೆ ತಾಲೀಮು ನಡೆದಿತ್ತು. ಎಲ್ಲರೂ ಒಟ್ಟಿಗೆ ಮೇಲಿನ ‘ಸಾ’ ಮುಟ್ಟಿ ನಿಲ್ಲಬೇಕು. ನಾನು ಕಣ್ಣು ಮುಚ್ಚಿ, ಮೈಯೆಲ್ಲ ಬಿಗಿಹಿಡಿದು ಮುಟ್ಟಿದೆ. ಗಂಟಲೊಳಗೆ ಏನೋ ಕಿತ್ತಂತಾಯಿತು. ಆಮೇಲೆ ಬಾಯಿ ತೆರೆದರೆ ಬರೀ ಗಾಳಿ. ಪಕ್ಕದ ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಅತ್ತರೂ ಸದ್ದು ಬರುತ್ತಿರಲಿಲ್ಲ. ಅಂಥ ಹೆದರಿಕೆ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಅಪ್ಪ ಅಲ್ಲೇ ದಾವಣಗೆರೆಯ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಗಂಟಲಿಗೆ ಪುಟ್ಟ ಕನ್ನಡಿ ಹಿಡಿದು ನೋಡಿ, ಹಾಡು ಹಾಗಿರಲಿ, ಮಾತೂ ಬಂದ್, ಪಿಸುಮಾತು ಕೂಡ ಆಡಕೂಡದು ಎಂದರು. ನಾವು ಸಂಜೆಯ ರೈಲಿನಲ್ಲಿ ಮನೆಗೆ ಬಂದೆವು.

ಅಪ್ಪ, ಅವ್ವನಿಗೆ ನಾನು ಸನ್ನೆ ಮಾಡುತ್ತಿದ್ದೆ. ಕಣ್ಣಿಲ್ಲದ ಅಜ್ಜಿಗೆ ಏನು ಸನ್ನೆ ಮಾಡಲಿ? ಪಡಸಾಲೆಯಲ್ಲಿ ಕೂತು ಆಕೆ ಮನೆಯ ನಾಲ್ಕೂ ಕಡೆಗೆ ಮುಖ ತಿರುಗಿಸಿ, ಇದ್ದೀಯೇನವ್ವಾ ಎಂದು ಕೇಳುತ್ತಿದ್ದಳು. ನಾನು ಓಡಿಹೋಗಿ ಆಕೆಯ ಕೈ ಹಿಡಿದುಕೊಳ್ಳುತ್ತಿದ್ದೆ. ಕೈ ಬಿಟ್ಟು ಎದ್ದರೆ ಮತ್ತೆ ಅದೇ ಪ್ರಶ್ನೆ. ಸಂಜೆ ದೀಪ ಹಚ್ಚಿದ ಮೇಲೆ ತಾನೇ ನಡುಗುವ ದನಿಯಲ್ಲಿ ಒಂದೆರಡು ಸಾಲು ಹಾಡಿ, ಮುಂದಿನದು ಮರೆತು, ನಾನು ಎತ್ತಿಕೊಡುತ್ತೇನೆಂದು ಸ್ವಲ್ಪ ಹೊತ್ತು ಕಾದು ಸುಮ್ಮನಾಗುತ್ತಿದ್ದಳು.

ಚಳಿಗಾಲ ಕಳೆದ ಮೇಲೆ ಡಾಕ್ಟರು ಇನ್ನು ಮೆಲ್ಲಗೆ ಮಾತಾಡಬಹುದು ಎಂದರು. ಮೊದಲ ಮಾತು ಅಜ್ಜಿಗೇ ಆಡಬೇಕು ಎಂದು ನಾನು ರೈಲಿನಲ್ಲಿ ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡೇ ಬಂದೆ. ಚಪ್ಪಲಿ ಬಿಟ್ಟು, ಪಡಸಾಲೆಯ ಬಾಗಿಲಲ್ಲಿ ನಿಂತು “ಅಜ್ಜಿ” ಎಂದೆ. ತೆಳ್ಳಗೆ, ನೂಲಿನೆಳೆಯ ಹಾಗೆ ಹೊರಗೆ ಬಂತು.

ಅಜ್ಜಿ ದನಿ ಬಂದ ಕಡೆ ತಿರುಗಿ ಪಕ್ಕದ ಚಾಪೆ ತೋರಿಸಿದಳು.

“ಯಾರವ್ವಾ? ಬಾ, ಕೂತ್ಕಾ. ನಮ್ ಹುಡುಗಿ ದಾವಣಗೇರಿಗೆ ಹೋಗೈತೆ, ಈಗ ಬರ್ತೈತೆ. ಅದನ್ನ ಮಾತಾಡಿಸಬ್ಯಾಡ, ಅದಕ್ಕೆ ಮಾತು ಬಂದ್ ಮಾಡ್ಯಾರೆ.”

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಆಕೆ ಬೇಡಿಕೊಂಡಿದ್ದ ಹೆಣ್ಣುದನಿ ಬಂದಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ನಾನು ಅಜ್ಜಿಯ ಪಕ್ಕ ಕೂತು ಆಕೆಯ ಕೈಯನ್ನು ನನ್ನ ಜಡೆಗೆ ಮುಟ್ಟಿಸಿದೆ. ಗುರುತು ಹತ್ತಿತು. ಹಾಡು ಎಂದಳು. ಹಾಡಿದೆ. ಆಕೆ ಬೆನ್ನಿಗೆ ಅಂಗೈ ಊರಿದಳು, ಸ್ವಲ್ಪ ಮೇಲೆ ಸರಿಸಿದಳು, ಕೆಳಗೆ ಸರಿಸಿದಳು, ಒತ್ತಿ ಹಿಡಿದಳು. ಬೆನ್ನೊಳಗೆ ಏನೂ ಇಲ್ಲದ್ದು ನನಗೂ ಗೊತ್ತಾಗುತ್ತಿತ್ತು. ಹಾಡು ಮುಗಿಯುವವರೆಗೂ ಆಕೆ ತಾಳಿಕೊಂಡಳು. ಆಮೇಲೆ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದನ್ನು ಮತ್ತೆ ಯಾವತ್ತೂ ನನ್ನ ಬೆನ್ನಿನ ಮೇಲೆ ಇಡಲಿಲ್ಲ.